ಹಳೆಯ ಬಂಗಲೆಯ ಫ್ಲ್ಯಾಟ್‌ಗೂ ರೇರಾ ಅನ್ವಯಿಸುತ್ತದೆ

ಮಡಿಕೇರಿಯ ಹಳೆಯ ಬಂಗಲೆಯೊಂದನ್ನು ದುರಸ್ತಿ ಮಾಡಿ 12 ಫ್ಲ್ಯಾಟ್‌ಗಳಾಗಿ ಮಾರುತ್ತಿರುವವರು, ‘ಇದು ಹೊಸ ಕಟ್ಟಡವಲ್ಲ, ರೇರಾ ಬೇಕಿಲ್ಲ’ ಎಂದರೆ ನಂಬಬಹುದೇ ಎಂದು ಕೇಳಿದ್ದೀರಿ. ನಂಬಬೇಡಿ. ರೇರಾ ಎಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ; ಅದರ 3ನೇ ಕಲಮು ನವೀಕರಣಕ್ಕೆ ನೋಂದಣಿಯಿಂದ ವಿನಾಯಿತಿ ಕೊಡುವುದು ಅದರಲ್ಲಿ ಜಾಹೀರಾತು, ಮಾರಾಟ ಅಥವಾ ಹೊಸ ಹಂಚಿಕೆ ಇಲ್ಲದಿದ್ದಾಗ ಮಾತ್ರ. ಎಂಟಕ್ಕಿಂತ ಹೆಚ್ಚು ಮನೆಗಳಿದ್ದು, ನೀವು ಬರೆದಂತೆ ನಿವೇಶನ ಅರ್ಧ ಎಕರೆ, ಅಂದರೆ 500 ಚದರ ಮೀಟರಿಗಿಂತ ಬಹಳ ದೊಡ್ಡದಾಗಿರುವುದರಿಂದ, ರೇರಾ ನೋಂದಣಿಯಿಲ್ಲದೆ ಅವರು ಮುಂಗಡ ಪಡೆಯುವಂತೆಯೇ ಇಲ್ಲ.

ಕಾರ್ಪೆಟ್ ಏರಿಯಾವನ್ನೂ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲದ ಅಳತೆಯನ್ನೂ ಗಮನಿಸಿ. ಹೊರಗೋಡೆ ಅದರಲ್ಲಿ ಸೇರುವುದಿಲ್ಲ, ಆದರೆ ಮನೆಯೊಳಗಿನ ಅಡ್ಡಗೋಡೆ ಸೇರುತ್ತದೆ. ಒಂದೂವರೆ ಅಡಿ ದಪ್ಪದ, ಇಪ್ಪತ್ತಡಿ ಉದ್ದದ ಹಳೆಯ ಗೋಡೆಯೊಂದಕ್ಕೇ ನೀವು ಮೂವತ್ತು ಚದರಡಿಯ ಹಣ ತೆರುತ್ತೀರಿ. (ಬೆಚ್ಚಗಿರುತ್ತದೆ ಎಂಬುದು ಬೇರೆ ಮಾತು.)

ನನ್ನ ಮುಖ್ಯ ಆತಂಕ ಗಾರೆಯದು. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ; ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ನಮ್ಮ ಅಜ್ಜನ ಮನೆಯಲ್ಲಿ ಹೀಗೆ ಮಾಡಿಸಿದ ಮೇಲೆ, ಎರಡೇ ಮಳೆಗಾಲಕ್ಕೆ ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಗುಳ್ಳೆಯೆದ್ದು, ಬೆರಳಿಟ್ಟರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಆದ್ದರಿಂದ ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ, ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಹೋಗಿ ಗೋಡೆಯ ಬುಡ ಮುಟ್ಟಿ ನೋಡಿ. ಸ್ವಾಧೀನದ ನಂತರ ಐದು ವರ್ಷದೊಳಗೆ ಕಾಣುವ ರಚನಾ ದೋಷವನ್ನು ಮಾರಾಟಗಾರರು ಉಚಿತವಾಗಿ ಸರಿಪಡಿಸಬೇಕೆಂಬ ನಿಯಮವನ್ನು ಕರಾರಿನಲ್ಲೂ ಬರೆಸಿಕೊಳ್ಳಿ.

ಜಾಗಕ್ಕೆ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿನ್ನೆಲೆಯಿದ್ದರೆ, ಕೊಡಗಿನ ಕಂದಾಯ ದಾಖಲೆ ಬಲ್ಲ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.