ನೋಡಿದ ಸೀರಿಯಲ್ ಬಗ್ಗೆ ಯಾರಿಗೂ ಬೇಜಾರಾಗದ ಹಾಗೆ ಅನಿಸಿಕೆ ಹೇಳೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಂಕಟವಾಯಿತು. ದಿನಾ ರಾತ್ರಿ ನೋಡಿದ್ದರ ಬಗ್ಗೆ ಎರಡು ಸಾಲು ಸ್ಟೇಟಸ್ ಹಾಕುವುದು, ಅದಕ್ಕೆ ಅತ್ತಿಗೆ ಮುಖ ಊದಿಸಿಕೊಳ್ಳುವುದು, "ಸುಮ್ನೆ ಹೇಳಿದ್ದು, ಬಿಡ್ರಿ" ಎಂದು ನೀವು ಸಮಾಧಾನ ಮಾಡುವುದು. ಇದೆಲ್ಲ ನಾನು 2022ರಲ್ಲಿ ಸಿಂಧನೂರಿನಲ್ಲಿ ಮಾಡಿ ಮುಗಿಸಿದ್ದೇನೆ. ನನಗೆ ಅದರಿಂದ ಊಟ ತಪ್ಪಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಲೂ ಎರಡು ಹೊತ್ತಿನ ಊಟ ತಪ್ಪಿತು.

ಆಗ ನಾನು ಅಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಊಟಕ್ಕೆ ಒಂದು ಖಾನಾವಳಿ ಗೊತ್ತು ಮಾಡಿಕೊಂಡಿದ್ದೆ. ಬೋರ್ಡು ಗೀರ್ಡು ಏನೂ ಇಲ್ಲ, "ಅಕ್ಕನ ಖಾನಾವಳಿ" ಅಂದರೆ ಓಣಿಯವರೆಲ್ಲ ಕೈ ತೋರಿಸೋರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ ಅಥವಾ ಹೆಸರುಕಾಳು, ಶೇಂಗಾ ಹಿಂಡಿ, ಆಮೇಲೆ ಅನ್ನ ಸಾರು ಮಜ್ಜಿಗೆ. ಮೂರನೇ ರೊಟ್ಟಿಯನ್ನು ಅಕ್ಕ ಕೇಳದೇ ಹಾಕೋರು, ಬೇಡ ಅಂದರೂ ಹಾಕೋರು. ಗೋಡೆ ಮೇಲೆ ಒಂದು ಟಿವಿ. ಅದರ ರಿಮೋಟಿಗೆ ದಿನಾ ಜಗಳ.

ಸಿಂಧನೂರು ಗೊತ್ತಿಲ್ಲದವರಿಗೆ ಒಂದು ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದವರ ಊರುಗಳು ಸುತ್ತಮುತ್ತ ಬಹಳ ಇವೆ. ಅವಕ್ಕೆ ಕ್ಯಾಂಪ್ ಅಂತಾರೆ. ಅಂಥ ಒಂದು ಕ್ಯಾಂಪಿನ ಮೇಸ್ತ್ರಿ ನಮ್ಮ ಜೊತೆ ಉಣ್ಣುತ್ತಿದ್ದ. ಅವನಿಗೆ ತೆಲುಗು ಚಾನೆಲ್ ಬೇಕು. ಕೆಕೆಆರ್‌ಟಿಸಿ ಕಂಡಕ್ಟರ್ ಒಬ್ಬರಿಗೆ ನ್ಯೂಸ್ ಬೇಕು. ಐಟಿಐ ಹುಡುಗರಿಗೆ ಕ್ರಿಕೆಟ್. ಆದರೆ 7.30 ಆಯಿತೆಂದರೆ ಎಲ್ಲರೂ ಗಪ್‌ಚುಪ್. ಅಕ್ಕ ಒಲೆ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ತಾವೇ ಚಾನೆಲ್ ಹಾಕೋರು. 'ಪುಟ್ಟಕ್ಕನ ಮಕ್ಕಳು'.

ಅದು 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾಗಿತ್ತು. ಉಮಾಶ್ರೀ ಪುಟ್ಟಕ್ಕ. ಗಂಡು ಮಗು ಆಗಲಿಲ್ಲ ಎಂದು ಗಂಡ ಬಿಟ್ಟುಹೋಗಿ ಇನ್ನೊಂದು ಮದುವೆಯಾಗುತ್ತಾನೆ, ಈಕೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ತೆಲುಗಿನಲ್ಲಿ 'ರಾಧಮ್ಮ ಕೂತುರು' ಎಂದು ಮೊದಲೇ ಬಂದಿದ್ದ ಕತೆ ಅದು. ಹಾಗಾಗಿ ಮೇಸ್ತ್ರಿಗೆ ಮುಂದೇನಾಗುತ್ತದೆ ಎಂದು ಗೊತ್ತು, ಹೇಳದೇ ಇರೋಕೆ ಆಗಲ್ಲ. "ಸುಮ್ನಿರಣ್ಣ, ನಾಳಿದು ಇವತ್ತ ಹೇಳಬ್ಯಾಡ" ಎಂದು ಅಕ್ಕ ಅವನ ಬಾಯಿ ಮುಚ್ಚಿಸೋರು.

ಅಲ್ಲಿ ನಾನೊಬ್ಬ ದೊಡ್ಡ ವಿಮರ್ಶಕ. ಟಿವಿಯಲ್ಲಿ ಏನೇ ಬರಲಿ, ರಾತ್ರಿ ರೂಮಿಗೆ ಹೋಗಿ ನಾಲ್ಕು ಸಾಲು ಸ್ಟೇಟಸ್. ಕುಹಕ ಇದ್ದಷ್ಟೂ ಜಾಸ್ತಿ ನಗುವ ಗೊಂಬೆಗಳು ಬರೋವು. ಅದರ ರುಚಿ ಹತ್ತಿತ್ತು.

ಜುಲೈ ಕೊನೆಗೆ ಒಂದು ರಾತ್ರಿ ಹೀಗೆ ಬರೆದೆ: "ಹೆಣ್ಣು ಹೆತ್ತಳಂತೆ, ಗಂಡ ಬಿಟ್ಟನಂತೆ, ಮೆಸ್ ಇಟ್ಟು ಸಾಕಿದಳಂತೆ. ಈ ಕಾಲದಲ್ಲಿ ಇಂಥವರು ಎಲ್ಲಿರ್ತಾರೆ? ಕಣ್ಣೀರು ಮಾರೋ ಅಂಗಡಿ."

ಅಕ್ಕನ ನಂಬರ್ ನನ್ನ ಫೋನಿನಲ್ಲಿತ್ತು. ಊಟಕ್ಕೆ ಬರದಿದ್ದರೆ ಮೊದಲೇ ತಿಳಿಸಬೇಕಲ್ಲ, ಅದಕ್ಕೆ. ಅವರಿಗೆ ಓದಲು ಬರುತ್ತಿರಲಿಲ್ಲ. ಮಗಳು ಓದಿ ಹೇಳಿದ್ದಾಳೆ.

ಮರುದಿನ 7.30ಕ್ಕೆ ಅಕ್ಕ ಎದ್ದು ಬಂದರು, ರಿಮೋಟ್ ತಗೊಂಡರು, ಟಿವಿ ಆಫ್ ಮಾಡಿದರು. ಅಷ್ಟೇ. ಒಬ್ಬರಿಗೂ ಒಂದು ಮಾತಿಲ್ಲ. ಫ್ಯಾನಿನ ಸದ್ದು, ಒಳಗೆ ರೊಟ್ಟಿ ಬಡಿಯುವ ಸದ್ದು. ಮೂರನೇ ರೊಟ್ಟಿ ನನ್ನ ತಟ್ಟೆಗೆ ಬರಲಿಲ್ಲ. ಕೈ ತೊಳೆಯುವಾಗ ಕಂಡಕ್ಟರ್ ಕೇಳಿದರು, "ಆಕಿ ಗಂಡ ಎಲ್ಲಿದಾನ ಗೊತ್ತೈತೇನು ನಿನಗ?" ತೀರಿಹೋಗಿರಬೇಕು ಎಂದುಕೊಂಡಿದ್ದೆ ಅಂದೆ. "ಇದೇ ಊರಾಗ ಅದಾನ. ಇನ್ನೊಂದು ಮಾಡ್ಕೊಂಡು ಹನ್ನೆರಡು ವರ್ಷ ಆತು. ಇಕಿಗೆ ಎರಡೂ ಹೆಣ್ಣು."

ತಿಂಗಳ ಕೊನೆಗೆ ದುಡ್ಡು ಕೊಡಲು ಹೋದಾಗ ಅಕ್ಕ ಹೇಳಿದ್ದು ಇಷ್ಟೇ: "ಮುಂದಿನ ತಿಂಗಳಿಂದ ಬ್ಯಾರೆ ಕಡೆ ನೋಡ್ಕೋ ತಮ್ಮಾ. ಮಂದಿ ಜಾಸ್ತಿ ಆಗ್ಯಾರ, ನನ್ ಕೈಲಿ ಆಗವಲ್ದು." ಆ ವಾರ ಒಬ್ಬ ಹೊಸಬನೂ ಬಂದಿರಲಿಲ್ಲ.

ಈಗ ನನ್ನ ತಪ್ಪು ಯಾವುದು ಅಂತ ಹೇಳ್ತೀನಿ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ, ಅದಕ್ಕೆ ಉದ್ದ ಆದರೂ ಓದಿ.

ಸೀರಿಯಲ್ ಚೆನ್ನಾಗಿಲ್ಲ ಎಂದು ಹೇಳಿದ್ದು ತಪ್ಪಲ್ಲ. ನಾನು ನೋಡಿರಲೇ ಇಲ್ಲ, ಅದು ತಪ್ಪು. ಖಾನಾವಳಿಯಲ್ಲಿ ದಿನಾ ಅದರ ಮುಂದೆ ಕೂತಿದ್ದೆನಲ್ಲ ಅಂತೀರಿ. ಆಗ ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ರೂಮಿನಲ್ಲಿ ಒಬ್ಬನೇ ಬ್ರೆಡ್ ತಿನ್ನುತ್ತಾ ಲೆಕ್ಕ ಹಾಕಿದೆ, ಲೆಕ್ಕ ಬರೆಯುವವನ ಚಟ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕತೆ ಇರೋದು ಸುಮಾರು 22 ನಿಮಿಷ. ನಾನು ಅಂಗಡಿ ಶಟರ್ ಎಳೆದು ಖಾನಾವಳಿ ಮುಟ್ಟುವಾಗ ಎಷ್ಟೋ ದಿನ 7.40. ಕೂತ ಮೇಲೂ ಅರ್ಧ ಹೊತ್ತು ಕಣ್ಣು ಮೊಬೈಲಿನಲ್ಲಿ. ಕಾಲುವೆಗೆ ನೀರು ಬಿಟ್ಟ ಮೇಲಂತೂ ಯೂರಿಯಾ ಲೋಡ್ ಬಂದ ದಿನ ಒಂಬತ್ತಕ್ಕೆ ಊಟ. ಮೊದಲ ತಿಂಗಳುಗಳ ಕಂತುಗಳನ್ನು ನೋಡಿಯೇ ಇಲ್ಲ, ಆಗ ನಾನು ಸಿಂಧನೂರಿಗೇ ಬಂದಿರಲಿಲ್ಲ. ಒಟ್ಟು ಕೂಡಿಸಿದರೆ ಕಾಲು ಭಾಗವೂ ಆಗಲಿಲ್ಲ. ಗಂಡ ಬಿಟ್ಟ ಕತೆ ನನಗೆ ಗೊತ್ತಾಗಿದ್ದೇ ಮೇಸ್ತ್ರಿ ಬಾಯಿಂದ. ಅದೂ ತೆಲುಗಿನದು!

ಆ ಸ್ಟೇಟಸ್ ಇನ್ನೊಮ್ಮೆ ಓದಿ. ಹೆತ್ತಳಂತೆ, ಬಿಟ್ಟನಂತೆ, ಸಾಕಿದಳಂತೆ. ಒಂದೇ ಸಾಲಿನಲ್ಲಿ ಮೂರು ಅಂತೆ. ನಾನೇ ನೋಡಿದ್ದರೆ "ಹೆತ್ತಳು, ಬಿಟ್ಟ, ಸಾಕಿದಳು" ಎಂದು ಬರೆಯುತ್ತಿದ್ದೆ, ಅಲ್ವಾ? ನನ್ನ ಕೈಯೇ ನಿಜ ಹೇಳಿತ್ತು, ನನಗೆ ಕಾಣಲಿಲ್ಲ. ಅಂತೆ ಕಂತೆ ಸೇರಿಸಿ ಸಂತೆ ಮಾಡಿದ್ದೆ.

ಇನ್ನೊಂದು ಇದೆ, ಅದು ಇನ್ನೂ ಕೆಟ್ಟದ್ದು. "ಇಂಥವರು ಎಲ್ಲಿರ್ತಾರೆ" ಅನ್ನೋದು ಸೀರಿಯಲ್ ಮೇಲಿನ ಮಾತೇ ಅಲ್ಲ. ಉಮಾಶ್ರೀ ಪಾತ್ರ ಹೇಗೆ ಮಾಡಿದ್ದಾರೆ, ಮಾತು ಹೇಗಿದೆ, ಕತೆ ಎಳೆದಿದ್ದಾರಾ, ಇವು ಸೀರಿಯಲ್ ಮೇಲಿನ ಮಾತು. ನಾನು ಅಂದಿದ್ದು ಊರಿನ ಹೆಂಗಸರ ಮೇಲೆ. ಅವರಲ್ಲಿ ಒಬ್ಬರು ಎರಡು ಮಾರು ದೂರದಲ್ಲಿ ನನಗೆ ರೊಟ್ಟಿ ಸುಡುತ್ತಿದ್ದರು.

ಯಾರಿಗೂ ಬೇಜಾರಾಗದ ಹಾಗೆ, ಒಳ್ಳೆಯದು ಕೆಟ್ಟದ್ದು ಎರಡೂ ತೂಗಿ ಹೇಳೋದು ಹೇಗೆ ಅಂತ ಕೇಳಿದ್ದೀರಿ. ಆ ಆಸೆಯನ್ನೇ ಬಿಡಿ. "ಕೆಲವರಿಗೆ ಇಷ್ಟವಾಗಬಹುದು, ಕೆಲವರಿಗೆ ಆಗದೇ ಇರಬಹುದು", ಇದನ್ನು ಓದಲು ನಿಮ್ಮ ಸ್ಟೇಟಸ್ ಯಾಕೆ ತೆರೆಯಬೇಕು? ಐದಕ್ಕೆ ಮೂರು ಸ್ಟಾರ್ ಅನ್ನೋದಂತೂ ನನಗೆ ಸೇರೋದೇ ಇಲ್ಲ. ಬೇಜಾರು ಆಗಲಿ ಬಿಡಿ. ಅತ್ತಿಗೆಗೆ ಇಷ್ಟವಾದದ್ದು ನಿಮಗೆ ಆಗಲಿಲ್ಲ, ಹೇಳಿ. ಎಷ್ಟು ನೋಡಿದ್ದೀರಿ ಅನ್ನೋದನ್ನೂ ಸೇರಿಸಿ ಹೇಳಿ, ಸಾಕು.

ನಾನು ಈಗ ಹೇಗೆ ಹೇಳ್ತೀನಿ ನೋಡಿ. 'ಪಂಚಾಯತ್' ಎಂಬ ಹಿಂದಿ ವೆಬ್ ಸೀರೀಸ್‌ನ ನಾಲ್ಕನೇ ಸೀಸನ್, 2025ರ ಜೂನ್‌ನಲ್ಲಿ ಬಂದದ್ದು, ಎಂಟೂ ಕಂತು ಎರಡು ರಾತ್ರಿಯಲ್ಲಿ ನೋಡಿದೆ. ಗಂಗಾವತಿಯಲ್ಲಿ, ಮಾಳಿಗೆ ಮೇಲೆ, ಮೊಬೈಲಿನಲ್ಲಿ. ನನಗೆ ಹಿಡಿಸಲಿಲ್ಲ. ಊರಿನ ಚುನಾವಣೆಯಲ್ಲಿ ಸೋರೆಕಾಯಿ ಗುರುತು ಒಂದು ಕಡೆ, ಕುಕ್ಕರ್ ಗುರುತು ಇನ್ನೊಂದು ಕಡೆ, ಅದೇ ಜಗಳ ಎಂಟು ಕಂತು. ಮೊದಲ ಸೀಸನ್‌ನಲ್ಲಿ ಚಕ್ರ ಇರುವ ಒಂದು ಆಫೀಸ್ ಕುರ್ಚಿಗೆ ಇಡೀ ಕಂತು ಕೊಟ್ಟಿದ್ದರು. ಆ ಕುರ್ಚಿಯಲ್ಲಿ ಇದ್ದ ಊರು ಈ ಚುನಾವಣೆಯಲ್ಲಿ ನನಗೆ ಸಿಗಲಿಲ್ಲ. ಆದರೆ ಹೆಂಡತಿ ಹೆಸರಿನಲ್ಲಿ ಗಂಡ ಆಳುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿಲ್ಲ. ಕತೆ ನಡೆಯುವ ಫುಲೇರಾ ಎಂಬ ಹಳ್ಳಿ ಉತ್ತರ ಪ್ರದೇಶದ್ದು, ಚಿತ್ರೀಕರಣ ಆಗಿದ್ದು ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ನನಗೆ ಮಾತ್ರ ಅದು ಕುಷ್ಟಗಿ ಕಡೆಯ ಊರಿನ ಹಾಗೇ ಕಾಣುತ್ತದೆ. ತಮಿಳಿನವರೂ ತೆಲುಗಿನವರೂ ಅದನ್ನು ತಮ್ಮ ತಮ್ಮ ಭಾಷೆಗೆ ಮಾಡಿಕೊಂಡಿದ್ದಾರೆ. ಇದನ್ನೆಲ್ಲ ಸ್ಟೇಟಸ್‌ನಲ್ಲಿ ಹಾಕಿದ್ದಕ್ಕೆ ಪಂಚಾಯತಿಯಲ್ಲಿ ಬಿಲ್ ಕಲೆಕ್ಟರ್ ಆಗಿರುವ ಗೆಳೆಯ ಮೂರು ದಿನ ಮಾತು ಬಿಟ್ಟ, ಅವನಿಗೆ ಆ ಚುನಾವಣೆಯೇ ಬಹಳ ಹಿಡಿಸಿತ್ತು. ನಾಲ್ಕನೇ ದಿನ ಮಿರ್ಚಿ ತಿನ್ನಲು ಕರೆದ. ಇಂಥ ಬೇಜಾರು ಪರವಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ನಾನು ಇವತ್ತಿಗೂ ಕೂಗಾಡ್ತೀನಿ. ಬಹಳಷ್ಟು ಸೀರಿಯಲ್‌ಗಳಲ್ಲಿ ನಮ್ಮ ಕಡೆಯ ಮಾತು ಆಡುವವ ಬಂದರೆ ಒಂದೋ ಅಡುಗೆಯವ, ಇಲ್ಲ ನಗಿಸುವವ. ನಾಯಕ, ನಾಯಕಿ, ಅತ್ತೆ, ಎಲ್ಲರದೂ ಬೆಂಗಳೂರು-ಮೈಸೂರಿನ ಮಾತು. ಹಾವೇರಿ ಕಡೆಯ ಹನುಮಂತ ಬಿಗ್ ಬಾಸ್ ಮನೆಗೆ ನಡುವೆ ಹೋಗಿ 2025ರ ಜನವರಿಯಲ್ಲಿ ಗೆದ್ದಾಗ ನಾನು ಪಟಾಕಿ ಹಚ್ಚಿದ್ದು ಅದಕ್ಕೇ. ಆಟ ನೋಡಿದ್ದು ಕೊನೆಯ ಎರಡು ವಾರ ಮಾತ್ರ, ಅದನ್ನೂ ಹೇಳಿಬಿಡ್ತೀನಿ.

ಖಾನಾವಳಿಗೆ ಮತ್ತೆ ಹೋಗಿದ್ದು 2024ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಾನು ಗಂಗಾವತಿ ಸೇರಿದ್ದೆ, ಅಂಗಡಿ ವಸೂಲಿಗೆಂದು ಸಿಂಧನೂರಿಗೆ ಬಂದಿದ್ದೆ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಗಿ ಎರಡು ದಿನ ಆಗಿತ್ತು. ಊರಿಗೆ ಊರೇ ಟಿವಿ ಮುಂದೆ. ಭತ್ತ ನಾಟಿ ಮಾಡಿದವರಿಗೆ ಆ ನೀರು ಹೋದರೆ ಬೆಳೆ ಹೋದಂತೆ. ಖಾನಾವಳಿಯಲ್ಲೂ ಜನ ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದರು. ಮೇಸ್ತ್ರಿ ಇನ್ನೂ ಅಲ್ಲೇ ಉಣ್ಣುತ್ತಿದ್ದ, ಆದರೆ ಅವತ್ತು ಮುಂದೇನಾಗುತ್ತದೆ ಎಂದು ಹೇಳುವ ಧೈರ್ಯ ಅವನಿಗೂ ಇರಲಿಲ್ಲ. ಸೀರಿಯಲ್ ಹೊತ್ತಾದರೂ ಅಕ್ಕ ಚಾನೆಲ್ ಬದಲಿಸಲಿಲ್ಲ.

ಉಂಡೆ. ಎರಡು ರೊಟ್ಟಿ. ಆಮೇಲೆ ಒಲೆ ಹತ್ತಿರ ಹೋಗಿ, "ಅಕ್ಕಾ, ಅವತ್ತು ಬರ್ದಿದ್ದು ನಂದು ತಪ್ಪಾತು" ಅಂದೆ.

"ಯಾವತ್ತು?" ಅಂದರು. ರೊಟ್ಟಿ ತಿರುವಿ ಹಾಕಿದರು. "ಪುಟ್ಟಕ್ಕನ ಮ್ಯಾಲಿಂದಾ? ಬಿಡು. ಖರೇ ಹೇಳಬೇಕಂದ್ರ ಅದು ಸುಳ್ಳ ಐತಿ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ಎರಡೂವರೆ ವರ್ಷ ಆತು ಮೆಸ್ ತೋರ್ಸಾಕತ್ತು. ಆಕಿ ಕೈಯಾಗ ಒಮ್ಮೆರ ಉದ್ರಿ ಬುಕ್ ನೋಡೀಯೇನು ನೀ? ಉದ್ರಿ ಇಲ್ಲದ ಮೆಸ್ ಎಲ್ಲೈತಿ, ನನಗೂ ತೋರ್ಸಂತ ಹೇಳು."

ನಾನು ನೋಡಿಲ್ಲ ಅಂದೆ. ಕಾಲು ಭಾಗವೂ ನೋಡದವನು ಇನ್ನೇನು ಹೇಳಲಿ? ನಾಲ್ಕು ತಿಂಗಳು ನಾನು ಬರೆದ ಸ್ಟೇಟಸ್‌ಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ.

ಅಕ್ಕ ಅಕ್ಕಿ ಡಬ್ಬಿಯ ಹಿಂದಿನಿಂದ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ ತೆಗೆದು ಮಗಳಿಗೆ ಕೊಟ್ಟರು. ಆಕೆ ಹಿಂದಿನ ಹಾಳೆಗಳನ್ನು ತಿರುವಿದಳು. ನನ್ನ ಹೆಸರಿತ್ತು. 2022ರ ಜುಲೈನಲ್ಲಿ ಗೆಳೆಯನನ್ನು ಕರೆದುಕೊಂಡು ಬಂದಿದ್ದೆನಂತೆ, ಅವನ ಎರಡು ಊಟ ಬಾಕಿ, 140 ರೂಪಾಯಿ. ಫೋನ್‌ಪೇ ಮಾಡಿದೆ. ಬಾಗಿಲ ಹತ್ತಿರದ ಫೋನ್‌ಪೇ ಸ್ಪೀಕರ್ ಅದನ್ನು ಇಡೀ ಖಾನಾವಳಿಗೆ ಕೇಳುವ ಹಾಗೆ ಕೂಗಿ ಹೇಳಿತು. ಮೇಸ್ತ್ರಿ ತಿರುಗಿ ನೋಡಿ ಶ್ ಅಂದ. ಟಿವಿಯಲ್ಲಿ ಮತ್ತೆ ಡ್ಯಾಮ್ ತೋರಿಸುತ್ತಿದ್ದರು.