ಕಾಸರಗೋಡಿನ ಕನ್ನಡ ಶಾಲೆಗೆ ಕಂಪನಿ ಫೌಂಡೇಶನ್‌ನವರ ದುಡ್ಡು ಸಿಗ್ತದಾ?

ಬದಿಯಡ್ಕ ಕಡೆಯ ಕನ್ನಡ ಶಾಲೆಗೆ ಕಂಪನಿ ಫೌಂಡೇಶನ್‌ಗಳಿಂದ ಸಹಾಯ ಸಿಗ್ತದಾ, ಅವರು ಯಾವ ಲೆಕ್ಕದಲ್ಲಿ ಕೊಡೂದು ಅಂತ ಕೇಳಿದ್ದೀರಿ. ಸಿಗ್ತದೆ, ಆದ್ರೆ ನೀವು ಎಂತ ಕೇಳ್ತೀರಿ, ಯಾವಾಗ ಕೇಳ್ತೀರಿ ಅನ್ನೋದ್ರ ಮೇಲುಂಟು. ನಾನು ಈ ಭಾಗದ ಒಂದು ಟ್ರಸ್ಟ್‌ಗೆ ಪ್ರಪೋಸಲ್ ಬರೀತೇನೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 5 ಕೋಟಿ ನಿವ್ವಳ ಲಾಭ, ಇಲ್ಲಾ 1000 ಕೋಟಿ ವಹಿವಾಟು, ಇಲ್ಲಾ 500 ಕೋಟಿ ನೆಟ್‌ವರ್ತ್ (ಸಾಲ ಕಳೆದು ಉಳಿಯುವ ಆಸ್ತಿ) ಇರುವ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಖರ್ಚು ಮಾಡ್ಬೇಕು, ಇದಕ್ಕೇ ಸಿಎಸ್‌ಆರ್ ಅಂತ ಹೇಳೂದು. ಆ ದುಡ್ಡು ಮಾರ್ಚ್ ಒಳಗೆ ಖರ್ಚಾಗದಿದ್ರೆ, ನಡೀತಾ ಇರುವ ಪ್ರಾಜೆಕ್ಟ್‌ನದ್ದು ಬಿಟ್ಟು ಉಳಿದದ್ದು 6 ತಿಂಗಳಲ್ಲಿ ಸರ್ಕಾರ ಹೇಳಿದ ಫಂಡ್‌ಗೆ ಹೋಗ್ಬೇಕು, ಹಾಗಾಗಿ ಫೆಬ್ರವರಿ ಬಂತೆಂದ್ರೆ ನಮಗೆ ಫೋನ್ ಬರ್ತದೆ, ಬೇಗ ಕೊಡುವಂಥದ್ದು ಎಂತಾದ್ರೂ ಉಂಟಾ ಅಂತ, ಆಗ ಸಿಗೂದು ಬೆಂಚು, ಟಾಯ್ಲೆಟ್, ಟ್ಯಾಬ್, ಯಾಕಂದ್ರೆ ಅದಕ್ಕೆ ಬಿಲ್ ಉಂಟು ಫೋಟೋ ಉಂಟು ಆಡಿಟ್‌ಗೂ ಸುಲಭ. ಇಲ್ಲಿ ಒಂದು ಶಾಲೆಗೆ ಬಂದ ಟ್ಯಾಬ್‌ಗಳಲ್ಲಿ ಪಾಠ ಪೂರಾ ಮಲಯಾಳಂ, ಇಂಗ್ಲಿಷಲ್ಲಿ. ಮಕ್ಕಳು ಓದೂದು ಕನ್ನಡದಲ್ಲಿ. ಟೀಚರ್ ಸ್ಟಾಕ್ ರಿಜಿಸ್ಟರಲ್ಲಿ ಬರ್ದು ಕಪಾಟಲ್ಲಿಟ್ಟಿದ್ದಾರೆ, ಪ್ಯಾಕೆಟ್ ಕೂಡ ಒಡೆದಿಲ್ಲ. ಕೊಡುವ ಮೊದ್ಲು ಮೀಡಿಯಂ ಯಾವುದಂತ ಒಬ್ರೂ ಕೇಳ್ಲಿಲ್ಲ, ಅದು ನಂಗೆ ಇವತ್ತಿಗೂ ಬೇಜಾರು.

ನಿಜವಾದ ಕಷ್ಟ ಇರೂದು ತಿಂಗಳು ತಿಂಗಳು ಬೇಕಾಗುವ ದುಡ್ಡಿಗೆ. 2020ರಲ್ಲಿ ಕೋವಿಡ್ ಅಂತ ತಲಪಾಡಿ ಗಡಿ ಬಂದ್ ಆಗಿ ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ನಮ್ಮವರು ಸತ್ತದ್ದು ಗೊತ್ತುಂಟಲ್ಲ, ಅದೇ ವರ್ಷ ನಮ್ಮ ಜಿಲ್ಲೆಯ ತೆಕ್ಕಿಲ್‌ನಲ್ಲಿ ಟಾಟಾದವರು ಕೋವಿಡ್ ಆಸ್ಪತ್ರೆ ಕಟ್ಟಿಕೊಟ್ರು, ತುಂಬಾ ದೊಡ್ಡ ಉಪಕಾರ, ಆದ್ರೆ ಡಾಕ್ಟರು ನರ್ಸು ಸಂಬಳ ಎಲ್ಲ ಸರ್ಕಾರವೇ ನೋಡ್ಬೇಕಾಯ್ತು. ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು ಬೇರೆ ಕ್ರಮ, ಅಲ್ಲಿ ದುಡ್ಡು ಬರೂದು ಪ್ರೇಮ್‌ಜಿಯವರು ಬಿಟ್ಟುಕೊಟ್ಟ ಷೇರುಗಳಿಂದ, ಮಾರ್ಚ್ ಗಡಿಬಿಡಿ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ ವಾರಕ್ಕೆ 6 ದಿನದ ಮೊಟ್ಟೆಯಲ್ಲಿ 4 ದಿನದ್ದನ್ನು 3 ವರ್ಷ ಕೊಡ್ತೇವೆಂದು 2024ರಲ್ಲಿ ಒಪ್ಪಿದ್ದಾರೆ. ಇಂಥ ಕೊಡುಗೆ ನಮ್ಮ ಮಕ್ಕಳಿಗೂ ಬೇಕು.

ನಿಮ್ಮ ಟ್ರಸ್ಟ್‌ಗೆ 12ಎ, 80ಜಿ (ಎರಡೂ ಇನ್‌ಕಮ್ ಟ್ಯಾಕ್ಸ್‌ನವರ ನೋಂದಣಿ), 3 ವರ್ಷದ ಅನುಭವ, ಸಿಎಸ್‌ಆರ್ ದುಡ್ಡು ತಗೊಳ್ಲಿಕ್ಕೆ ಬೇಕಾದ ಸಿಎಸ್‌ಆರ್-1 ನೋಂದಣಿ ಉಂಟಾ ನೋಡಿ, ಇಲ್ಲದಿದ್ರೆ ಇರುವವರ ಜೊತೆ ಸೇರಿ. ಏಪ್ರಿಲಲ್ಲೇ ಹೋಗಿ ಕೇಳಿ, 3 ವರ್ಷದ ಪ್ರಾಜೆಕ್ಟ್ ಆಗಿಯೇ ಕೊಡಿ, ಒಬ್ಬ ಕನ್ನಡ ಟೀಚರ್ ಸಂಬಳ ಅದ್ರಲ್ಲಿ ಇರ್ಲಿ. ಮಕ್ಕಳ ಮೀಡಿಯಂ ಕನ್ನಡ ಅಂತ ಮೊದಲ ಪೇಜಲ್ಲೇ ದೊಡ್ಡದಾಗಿ ಬರೀರಿ.