ಟಿ ಕೋಶದ ಪ್ರಯೋಗಕ್ಕೆ ಇ. ಕೋಲೈಯ ಪಿಡಿ-ಎಲ್1 ಸಾಕಾ?

ನೀವು ಕೇಳಿದ್ದು ಇಷ್ಟು: ಮನುಷ್ಯರ ರಕ್ತದಿಂದ ತೆಗೆದ ಕೋಶಗಳಿಗೆ ಪಿಡಿ-ಎಲ್1 (ಟಿ ಕೋಶದ ಮೇಲಿನ ಪಿಡಿ-1 ಎಂಬ ಗ್ರಾಹಕಕ್ಕೆ ಅಂಟಿ ಅದಕ್ಕೆ ಬ್ರೇಕ್ ಹಾಕುವ ಪ್ರೋಟೀನ್) ತೋರಿಸಿ, ರೋಗದ ಜೊತೆ ಹೋರಾಡುವ ಟಿ ಕೋಶಗಳು ತಣ್ಣಗಾಗುತ್ತವಾ ಅಂತ ನೋಡಬೇಕು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ ಪ್ರೋಟೀನ್ ಅಗ್ಗ, ಎಚ್‌ಇಕೆ293 ಎಂಬ ಮನುಷ್ಯರ ಕೋಶದಲ್ಲಿ ಮಾಡಿದ್ದು ದುಬಾರಿ. ಗೈಡ್ ಅಗ್ಗದ್ದೇ ಸಾಕು ಅಂತಿದ್ದಾರೆ. ಹಿಸ್ ಟ್ಯಾಗ್ (ಶುದ್ಧಿ ಮಾಡಲು ಪ್ರೋಟೀನಿಗೆ ಸೇರಿಸುವ ಚಿಕ್ಕ ತುಂಡು) ಇರುವುದೋ ಎಫ್‌ಸಿ (ಆಂಟಿಬಾಡಿಯ ಬಾಲದ ಭಾಗ) ಇರುವುದೋ ಅನ್ನೋದೂ ಗೊಂದಲ.

ಈ ಪ್ರಯೋಗಕ್ಕೆ ಅಗ್ಗದ್ದು ಬೇಡ. ಕಮ್ಮಿ ಪ್ರಮಾಣದಲ್ಲಾದರೂ ಸರಿ, ಎಚ್‌ಇಕೆಯದನ್ನೇ ತರಿಸಿ, ಎಫ್‌ಸಿ ಇರುವುದನ್ನು.

ಇ. ಕೋಲೈ ಸಕ್ಕರೆ ಸರಪಳಿ ಜೋಡಿಸುವುದಿಲ್ಲ, ಅದಕ್ಕೇ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಇಲ್ಲಿ ದೊಡ್ಡ ಅಡ್ಡಿ ಅದಲ್ಲ. ಪಿಡಿ-1, ಪಿಡಿ-ಎಲ್1 ಹೇಗೆ ಹಿಡಿದುಕೊಳ್ಳುತ್ತವೆ ಅಂತ ತೋರಿಸಿದ ಸ್ಫಟಿಕ ರಚನೆಗಳಿಗೆ ಇ. ಕೋಲೈಯಲ್ಲಿ ಮಾಡಿ ಮತ್ತೆ ಮಡಚಿದ ಪ್ರೋಟೀನನ್ನೇ ಬಳಸಿದ್ದಾರೆ. 1996ರಿಂದ ಬಳಕೆಯಲ್ಲಿರುವ ಎಚ್‌ಎಲ್‌ಎ ಟೆಟ್ರಾಮರ್‌ಗಳೂ (ನಿರ್ದಿಷ್ಟ ಟಿ ಕೋಶಗಳನ್ನು ಗುರುತಿಸಲು ಬಳಸುವ ಪ್ರೋಟೀನ್ ಗೊಂಚಲು) ಹಾಗೇ ತಯಾರಾಗುತ್ತವೆ. ಅಲ್ಲೆಲ್ಲ ಅದು ಒಳ್ಳೆಯ ಆಯ್ಕೆ.

ನಿಮ್ಮ ಪ್ಲೇಟಿನಲ್ಲಿ ಜೀವಂತ ಕೋಶಗಳಿರುತ್ತವೆ, ಅಲ್ವಾ? ಅದಕ್ಕೇ ನನಗೆ ಎಂಡೋಟಾಕ್ಸಿನ್‌ದೇ ಚಿಂತೆ. ಅದು ಇ. ಕೋಲೈಯ ಹೊರಪೊರೆಯಲ್ಲೇ ಇರುವ ವಸ್ತು, ಪ್ರೋಟೀನ್ ಜೊತೆ ಅಂಟಿಕೊಂಡು ಬರುತ್ತದೆ. ಡೇಟಾಶೀಟಿನಲ್ಲಿ 1 ಮೈಕ್ರೋಗ್ರಾಂಗೆ 1 ಇಯುಗಿಂತ (ಎಂಡೋಟಾಕ್ಸಿನ್ ಅಳೆಯುವ ಮಾನ) ಕಮ್ಮಿ ಅಂತ ಬರೆದಿದ್ದರೆ ಸಮಾಧಾನ ಪಡಬೇಡಿ, ಲೆಕ್ಕ ಹಾಕಿ. 1 ಇಯು ಅಂದರೆ ಸುಮಾರು 0.1 ನ್ಯಾನೋಗ್ರಾಂ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಪ್ರೋಟೀನ್ ಹಾಕಿದರೆ ಸುಮಾರು 1 ನ್ಯಾನೋಗ್ರಾಂ ಎಂಡೋಟಾಕ್ಸಿನ್ ಕೂಡ ಹೋಗಿರಬಹುದು. ಮೊನೊಸೈಟ್‌ಗಳು (ರಕ್ತದ ಇನ್ನೊಂದು ಬಗೆಯ ಬಿಳಿ ಕೋಶ) ಅದಕ್ಕಿಂತ ಕಮ್ಮಿಗೂ ಎದ್ದು ಟಿಎನ್‌ಎಫ್, ಐಎಲ್-6 ಎಂಬ ಸೈಟೊಕೈನ್‌ಗಳನ್ನು, ಅಂದರೆ ಉರಿಯೂತದ ಸಂಕೇತಗಳನ್ನು, ಸುರಿಸುತ್ತವೆ. ಆಮೇಲೆ ನೀವು ಅಳೆದದ್ದು ಪಿಡಿ-ಎಲ್1 ಮಾಡಿದ ಕೆಲಸವೋ ಬ್ಯಾಕ್ಟೀರಿಯಾದ ಕಸ ಮಾಡಿದ ಕೆಲಸವೋ ಹೇಳಲಿಕ್ಕೇ ಬರುವುದಿಲ್ಲ. ಎಚ್‌ಇಕೆ ಕೋಶ ತಾನಾಗಿ ಇದನ್ನು ಮಾಡುವುದಿಲ್ಲ, ಆದರೆ ಶುದ್ಧಿ ಮಾಡುವಾಗ ನೀರು, ಬಫರ್, ಕಾಲಮ್ ಮೂಲಕ ಸೇರಬಹುದು. ಹಾಗಾಗಿ ನಿಮಗೆ ಬರುವ ಲಾಟಿನ ಎಂಡೋಟಾಕ್ಸಿನ್ ಅಂಕಿಯನ್ನೇ ಕೇಳಿ ಪಡೆಯಿರಿ. ಅನುಮಾನ ಬಂದರೆ ಸ್ವಲ್ಪ ಪ್ರೋಟೀನನ್ನು ಅರ್ಧ ಗಂಟೆ 95 ಡಿಗ್ರಿಯಲ್ಲಿ ಕಾಯಿಸಿ ಅದೇ ಪ್ರಯೋಗ ಮಾಡಿ. ಪ್ರೋಟೀನ್ ಕೆಡುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. ಆಗಲೂ ಸೈಟೊಕೈನ್ ಏರಿದರೆ ಕಾರಣ ಪಿಡಿ-ಎಲ್1 ಅಲ್ಲ.

ಇನ್ನು ಟ್ಯಾಗ್. ಮನುಷ್ಯರ ಪಿಡಿ-1 ಮತ್ತು ಪಿಡಿ-ಎಲ್1 ನಡುವಿನ ಹಿಡಿತ ಬಹಳ ಸಡಿಲ, ಕೆಡಿ (ಇದು ಹೆಚ್ಚಿದಷ್ಟೂ ಹಿಡಿತ ಸಡಿಲ) ಸುಮಾರು 8 ಮೈಕ್ರೋಮೋಲಾರ್. ಹಿಸ್ ಟ್ಯಾಗಿನ ಒಂಟಿ ಪ್ರೋಟೀನ್ ಬೇಗ ಬಿಟ್ಟುಹೋಗುತ್ತದೆ. ಎಫ್‌ಸಿ ಎರಡನ್ನು ಜೋಡಿಸುವುದರಿಂದ ಹಿಡಿತ ಗಟ್ಟಿಯಾಗುತ್ತದೆ. 2000ರಲ್ಲಿ ಗಾರ್ಡನ್ ಫ್ರೀಮನ್, ತಸುಕು ಹೊಂಜೊ ಮೊದಲಾದವರು ಪಿಡಿ-1ರ ಜೋಡಿ ಇದೇ ಅಂತ ತೋರಿಸುವಾಗಲೂ ಎಫ್‌ಸಿ ಜೋಡಿಸಿದ ಪಿಡಿ-ಎಲ್1ನ್ನು ಬಳಸಿದ್ದರು. ತೊಂದರೆ ಏನೆಂದರೆ ಮೊನೊಸೈಟ್‌ಗಳು ಎಫ್‌ಸಿಯನ್ನೂ ಹಿಡಿಯುತ್ತವೆ. ಆದ್ದರಿಂದ ಸಾಧ್ಯವಾದರೆ ಟಿ ಕೋಶಗಳನ್ನು ಬೇರ್ಪಡಿಸಿಕೊಂಡೇ ಮಾಡಿ.

ಪ್ರೋಟೀನನ್ನು ಸುಮ್ನೆ ಮಾಧ್ಯಮಕ್ಕೆ ಸುರಿದರೆ ಬ್ರೇಕ್ ಬೀಳುತ್ತದೆ ಅಂತ ಕಾಯಬೇಡಿ. ಪಿಡಿ-1 ಟಿ ಕೋಶ ಗ್ರಾಹಕದ ಪಕ್ಕದಲ್ಲೇ ಬಂದು ಕೂರಬೇಕು, ಆಗಲೇ ಎಸ್‌ಎಚ್‌ಪಿ-2 ಎಂಬ ಕಿಣ್ವ ಅಲ್ಲಿನ ಸಂಕೇತವನ್ನು ತಗ್ಗಿಸುತ್ತದೆ. ಅದಕ್ಕೆ ಆಂಟಿ-ಸಿಡಿ3 (ಟಿ ಕೋಶವನ್ನು ಪ್ರಚೋದಿಸುವ ಆಂಟಿಬಾಡಿ) ಮತ್ತು ಪಿಡಿ-ಎಲ್1 ಎರಡನ್ನೂ ಒಂದೇ ಪ್ಲೇಟಿಗೆ ಅಂಟಿಸಬೇಕು. ಇಲ್ಲೇ ಜಾಸ್ತಿ ಜನ ಮೋಸಹೋಗುವುದು, ದಯವಿಟ್ಟು ಗಮನ ಕೊಡಿ. ಪ್ಲಾಸ್ಟಿಕ್ ಮೇಲೆ ಜಾಗ ಇರುವುದೇ ಇಷ್ಟು. ಪಿಡಿ-ಎಲ್1 ಜಾಸ್ತಿ ಅಂಟಿದರೆ ಆಂಟಿ-ಸಿಡಿ3ಗೆ ಜಾಗ ಸಿಗುವುದಿಲ್ಲ, ಟಿ ಕೋಶಕ್ಕೆ ಪ್ರಚೋದನೆಯೇ ಕಮ್ಮಿಯಾಗುತ್ತದೆ, ಗ್ರಾಫಿನಲ್ಲಿ ಅದು ಚೆಂದದ ತಡೆ ಥರ ಕಾಣುತ್ತದೆ. ಹಾಗಾಗಿ ಪ್ಲೇಟಿನ ಪ್ರತಿ ಬಾವಿಯಲ್ಲೂ (ಗುಳಿಯಲ್ಲೂ) ಒಟ್ಟು ಪ್ರೋಟೀನ್ ಒಂದೇ ಇರಬೇಕು: ಪಿಡಿ-ಎಲ್1 ಎಷ್ಟು ಇಳಿಸುತ್ತೀರೋ ಅಷ್ಟು ಬರಿಯ ಎಫ್‌ಸಿ ಸೇರಿಸಿ. ಪಿಡಿ-1 ತಡೆಯುವ ಆಂಟಿಬಾಡಿ ಹಾಕಿದ ಬಾವಿಯೂ ಇರಲಿ. ಅಲ್ಲಿ ಟಿ ಕೋಶಗಳು ಮತ್ತೆ ಚೇತರಿಸಿಕೊಂಡರೆ ಮಾತ್ರ ಫಲಿತಾಂಶವನ್ನು ನಂಬಿ. ಇದೇ ಕಾರಣಕ್ಕೆ ಬಿಎಸ್‌ಎ (ದನದ ರಕ್ತದಿಂದ ಪಡೆದ, ರಕ್ಷಣೆಗೆ ಸೇರಿಸುವ ಪ್ರೋಟೀನ್) ಬೆರೆಸದ ಪ್ರೋಟೀನ್ ಕೇಳಿ, ಬಿಎಸ್‌ಎಯೂ ಜಾಗ ತಿನ್ನುತ್ತದೆ. ಸುಮ್ಮನಿರುವ ಟಿ ಕೋಶದ ಮೇಲೆ ಪಿಡಿ-1 ತೀರಾ ಕಮ್ಮಿ, ಆದ್ದರಿಂದ ಮೊದಲು ಒಂದೆರಡು ದಿನ ಪ್ರಚೋದಿಸಿ, ಪಿಡಿ-1 ಬಂದಿದೆಯಾ ಅಂತ ಫ್ಲೋ ಸೈಟೊಮೀಟರಿನಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ನೋಡಿಕೊಳ್ಳಿ.

ಟ್ಯೂಬ್ ಬಂದಾಗ ತೆರೆಯುವ ಮೊದಲು ಒಂದು ಸುತ್ತು ಸ್ಪಿನ್ ಮಾಡಿ, ವೋರ್ಟೆಕ್ಸ್ ಮಾಡಬೇಡಿ. ಕರಗಿಸಿದ ಮೇಲೆ ಚಿಕ್ಕ ಪಾಲುಗಳಾಗಿ ಮಾಡಿ -80 ಡಿಗ್ರಿಯಲ್ಲಿ ಇಡಿ.

ಗೈಡ್‌ಗೆ ದುಡ್ಡಿನ ಚಿಂತೆ ಇರುವುದು ಸಹಜ. ಆ ಎಂಡೋಟಾಕ್ಸಿನ್ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಚಿಕ್ಕ ಪ್ಯಾಕ್ ತರಿಸಿ ಈ ಕಂಟ್ರೋಲ್‌ಗಳನ್ನೆಲ್ಲ ಒಮ್ಮೆ ಮಾಡಿ ತೋರಿಸಿ, ದೊಡ್ಡದಕ್ಕೆ ಆಮೇಲೆ ಆರ್ಡರ್ ಹಾಕಿ.